ಕಾಲು ತೊಳೆದು ಬನ್ನಿ

ಫೆಬ್ರವರಿ ೧೧

ಅಪ್ಪನಿಗೆ ನಮಸ್ಕಾರ.

ಮಂಡಿ ಹೇಗಿದೆ ಎಂದು ಕೇಳುವುದು ಕಾಗದದ ಕೊನೆಯಲ್ಲಿ. ಮೊದಲೇ ಕೇಳಿದರೆ ನೀವು ಅಷ್ಟನ್ನು ಓದಿ ಉಳಿದದ್ದನ್ನು ಮಡಿಚಿ ದಿಂಬಿನಡಿ ಇಡುತ್ತೀರಿ. ಫೋನಿನಲ್ಲಿ ಹೇಳೋಣವೆಂದರೆ, ಬೇಡದ ಮಾತು ಬಂದಾಗಲೆಲ್ಲ ನಿಮಗೆ ಕಿವಿ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ರಸ್ತೆಯ ಕೊನೆಯಲ್ಲಿರುವ ಲಾರಿ ಮಾಲೀಕರ ಬಾಳೆತೋಟಕ್ಕೆ ಸೊರಗು ರೋಗ ಬಂದಿದೆ. ಮೊದಲು ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬೀಳುತ್ತವೆ, ಆಮೇಲೆ ಗಿಡವೇ ನಿಂತಲ್ಲಿ ಸಾಯುತ್ತದೆ. ಕಡಿದು ನೋಡಿದರೆ ಒಳಗೆಲ್ಲ ತುಕ್ಕಿನ ಬಣ್ಣದ ಎಳೆಗಳು. ಇದಕ್ಕೆ ಔಷಧವಿಲ್ಲವಂತೆ. ಒಮ್ಮೆ ಮಣ್ಣಿಗೆ ಸೇರಿದರೆ ನನ್ನ ಕಾಲಕ್ಕೆ ಆ ಮಣ್ಣಿನಲ್ಲಿ ಮತ್ತೆ ಈ ಬಾಳೆ ಏಳುವುದಿಲ್ಲ. ಇಲಾಖೆಯಿಂದ ಬಂದ ಇನ್‌ಸ್ಪೆಕ್ಟರ್ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದರು: "ಇದು ತಾನಾಗೇ ನಡೆದುಕೊಂಡು ಬರಲ್ಲ ಕಣಮ್ಮ. ಚಪ್ಪಲೀಲಿ, ಗುದ್ದಲೀಲಿ, ಬಾಳೆಕಂದಿನ ಬೇರಲ್ಲಿ ಅಂಟಿರೋ ಮಣ್ಣಿನ ಜೊತೆ ಬರತ್ತೆ. ನೀವೇ ಹೊತ್ತು ತರಬೇಕು."

ಆದ್ದರಿಂದ ನಮ್ಮ ತೋಟಕ್ಕೆ ಇನ್ನು ಮುಂದೆ ಒಂದೇ ದಾರಿ, ರಸ್ತೆಯ ಗೇಟು. ಗೇಟಿನ ಹೊರಗೆ ರೋಗಾಣು ಕೊಲ್ಲುವ ನೀರಿನ ತೊಟ್ಟಿ, ಒಂದು ಗಟ್ಟಿ ಬ್ರಷ್, ಒಳಗೆ ಹಾಕಿಕೊಳ್ಳಲು ಬೇರೆ ಗಂಬೂಟು. ಯಾರೇ ಬರಲಿ, ಮಣ್ಣು ಉಜ್ಜಿ ಕಾಲು ತೊಳೆದು ಬರಬೇಕು. ಶಿಳ್ಳೆ ಮಾಮನ ತೋಟಕ್ಕೂ ನಮಗೂ ನಡುವೆ ನೀವಿಬ್ಬರೂ ಸೇರಿ ಬೇಲಿಯಲ್ಲಿ ಮಾಡಿಕೊಂಡಿದ್ದ ಕಿಂಡಿಗೆ ತಗಡು ಹೊಡೆಸಿದ್ದೇನೆ. ಎರಡೂ ತೋಟಕ್ಕೂ ಒಂದೇ ಹಾರೆ ಎಂದು ಆ ಬೇಲಿಯ ಕಂಬಕ್ಕೆ ನೇತುಹಾಕಿರುತ್ತಿದ್ದಿರಲ್ಲ, ಅದನ್ನು ಮಾಮನಿಗೇ ಕೊಟ್ಟು ನನಗೆ ಬೇರೆ ತಂದುಕೊಂಡೆ.

ಮಾಮ ಮುಖ ಊದಿಸಿಕೊಂಡಿದ್ದಾರೆ. "ನಿಮ್ಮಪ್ಪ ಮನೇಲಿಲ್ಲ ಅಂತ ನನಗೇ ತಗಡು ಹೊಡೀತೀಯಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಹೋದರು. ಅಂದಿನಿಂದ ಶಿಳ್ಳೆ ಹೊಡೆಯುವುದನ್ನೂ ನಿಲ್ಲಿಸಿದ್ದಾರೆ, ನನಗೆ ಕೇಳಿಸಬಾರದು ಅಂತ. ನಿಮ್ಮ ಮಾತಾದರೆ ಕೇಳುತ್ತಾರೆ. ಅವರಿಗೆ ನಾಲ್ಕು ಸಾಲು ಬರೆದು ತಿಳಿಸಿ ಹೇಳಿ.

ಈಗ ಹೇಳಿ, ಮಂಡಿ ಹೇಗಿದೆ?

ನಿಮ್ಮ ಮಗಳು


ಫೆಬ್ರವರಿ ೨೦

ಮಗಳಿಗೆ ಆಶೀರ್ವಾದ. (ಕೊಡುವ ಮನಸ್ಸಿಲ್ಲ, ಆದರೂ ತಗೋ.)

ನನ್ನ ಮಂಡಿ ನನ್ನಷ್ಟೇ ಮೊಂಡು, ಬಗ್ಗುತ್ತಿಲ್ಲ. ನಾಲ್ಕನೇ ಮಹಡಿಯಲ್ಲಿ ಕೂತು ಎದುರಿನ ಕಟ್ಟಡದ ನೀರಿನ ಟ್ಯಾಂಕು ನೋಡುವುದೇ ನನ್ನ ಕೆಲಸ. ನಿನ್ನ ಅಣ್ಣ ನಸುಕಿಗೇ ಬೇಕರಿಗೆ ಹೋದರೆ ಬರುವುದು ಮಧ್ಯಾಹ್ನ. ಅತ್ತಿಗೆ ಒಳ್ಳೆಯವಳು, ಆದರೆ ನಾನು ಕೆಮ್ಮಿದರೂ ಡಾಕ್ಟರಿಗೆ ಫೋನು ಮಾಡುತ್ತಾಳೆ.

ನಾನು ಇಲ್ಲಿಗೆ ಬಂದು ಎರಡು ತಿಂಗಳಾಗಿಲ್ಲ, ಅಷ್ಟರಲ್ಲಿ ನನ್ನ ತೋಟವನ್ನು ಆಸ್ಪತ್ರೆ ಮಾಡಿದ್ದೀಯಾ. ನನ್ನ ತೋಟಕ್ಕೆ ನಾನೇ ಕಾಲು ತೊಳೆದುಕೊಂಡು ಹೋಗಬೇಕೇ? ತೋಟದಿಂದ ಮನೆಗೆ ಬರುವಾಗ ಕಾಲು ತೊಳೆಯುವವರನ್ನು ನೋಡಿದ್ದೇನೆ. ತೋಟಕ್ಕೆ ಹೋಗಲು ಕಾಲು ತೊಳೆಯುವವಳನ್ನು ಈಗಲೇ ಕೇಳಿದ್ದು. ಬಾಳೆಗೆ ಹಳದಿ ಎಲೆ ಬರುವುದು ಹೊಸದೇನಲ್ಲ. ನೀರು ಹೆಚ್ಚಾದರೆ ಬರುತ್ತದೆ, ಕಡಿಮೆಯಾದರೆ ಬರುತ್ತದೆ. ಇಲಾಖೆಯವರಿಗೆ ಹೇಳಲು ಏನಾದರೂ ಬೇಕಲ್ಲ.

ಇನ್ನು ಶಿಳ್ಳೆಯ ವಿಷಯ. ನೀನು ಹುಟ್ಟುವ ಮೊದಲಿನಿಂದ ಅವನು ಆ ಕಿಂಡಿಯಲ್ಲಿ ಓಡಾಡುತ್ತಿದ್ದಾನೆ. ಅಂಥವನ ಮುಖಕ್ಕೆ ತಗಡು ಹೊಡೆಯಲು ನಿನಗೆ ಕೈಯಾದರೂ ಹೇಗೆ ಬಂತು? ಬರೆ ಎಂದೆಯಲ್ಲ, ಬರೆದಿದ್ದೇನೆ. ಆ ಹುಡುಗಿಯ ಮಾತು ಕಿವಿಗೆ ಹಾಕಿಕೊಳ್ಳಬೇಡ, ತಗಡು ಕಿತ್ತು ಎಂದಿನಂತೆ ಹೋಗಿ ಬಂದು ಮಾಡು, ದಕ್ಷಿಣದ ಸಾಲಿನಲ್ಲಿ ಗಿಡಗಳ ಬುಡದಲ್ಲಿ ಕಂದು ಒತ್ತಾಗಿವೆ, ನಾನಿಲ್ಲವಲ್ಲ, ನೀನೇ ಕೀಳು ಎಂದು ಬರೆದಿದ್ದೇನೆ.

ಅಪ್ಪ


ಮಾರ್ಚ್ ೯

ಅಪ್ಪಾ,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ನನಗೆ ತಲೆ ಕೆಟ್ಟುಹೋಗಿದೆ.

ನಾನು ಗೊಬ್ಬರ ತರಲು ಪೇಟೆಗೆ ಹೋಗಿದ್ದೆ. ವಾಪಸು ಬಂದು ಗೇಟಿನಲ್ಲಿ ಬೂಟು ಉಜ್ಜುತ್ತಾ ಕೂತಿದ್ದೇನೆ, ಒಳಗಿಂದ ಶಿಳ್ಳೆ ಕೇಳಿಸಿತು. ಓಡಿ ಹೋಗಿ ನೋಡಿದರೆ ದಕ್ಷಿಣದ ಸಾಲಿನಲ್ಲಿ ಮಾಮ, ಬರಿಗಾಲಲ್ಲಿ, ಕೆಸರು ಮೆತ್ತಿಕೊಂಡು, ಅದೇ ಹಾರೆ ಹಿಡಿದು ಕಂದು ಕೀಳುತ್ತಿದ್ದಾರೆ. ತಗಡು ಒಂದು ಮೂಲೆಯಲ್ಲಿ ಅಂಗಾತ ಬಿದ್ದಿದೆ.

"ಮಾಮಾ, ಏನ್ ಮಾಡ್ತಿದೀರಾ?" ಎಂದೆ.

ಜೇಬಿನಿಂದ ನಿಮ್ಮ ಕಾಗದ ತೆಗೆದು ನನ್ನ ಮುಖಕ್ಕೆ ಹಿಡಿದರು. "ಯಜಮಾನನ ಅಪ್ಪಣೆ. ನೀನು ಬೇಕಾದ್ರೆ ಅವನ ಹತ್ರ ಜಗಳ ಆಡು."

ಆಡುತ್ತಿದ್ದೇನೆ, ಕೇಳಿ. ಮಾಮ ಹಿಂದಿನ ವಾರವೆಲ್ಲ ಲಾರಿ ಮಾಲೀಕರ ತೋಟದಲ್ಲಿ ಸತ್ತ ಗಿಡ ಉರುಳಿಸಲು ಸಹಾಯ ಮಾಡಿ ಬಂದಿದ್ದರು. ಪಾಪ, ಕರೆದಲ್ಲಿಗೆ ಹೋಗುವ ಮನುಷ್ಯ. ಅದೇ ಕಾಲು, ಅದೇ ಹಾರೆ. ಗಿಡದ ಬುಡಕ್ಕೇ ಹಾರೆ ಹಾಕಿ ಬೇರು ಹರಿದು ಗಾಯ ಮಾಡಿದ್ದಾರೆ. ಇದಕ್ಕಿಂತ ಚೆನ್ನಾಗಿ ರೋಗಕ್ಕೆ ಬಾಗಿಲು ತೆಗೆದು ಕೊಡಲು ಯಾರಿಗೂ ಆಗುವುದಿಲ್ಲ. ನಾನು ಆ ಗಿಡಗಳಿಗೆಲ್ಲ ಕೆಂಪು ದಾರ ಕಟ್ಟಿದ್ದೇನೆ. ಅಲ್ಲಿಗೆ ನಾನೂ ಕಾಲಿಡುವುದಿಲ್ಲ, ದೂರದಿಂದ ನೋಡುತ್ತೇನೆ. ರೋಗ ತಿಂಗಳುಗಟ್ಟಲೆ ಅಡಗಿ ಕೂತಿರುತ್ತದಂತೆ. ಅಷ್ಟು ದಿನವೂ ನಾನು ಹೀಗೇ ಬೇಯಬೇಕು.

ಅಣ್ಣನ ಬೇಕರಿ ಒಳಗೆ ನೀವು ಚಪ್ಪಲಿ ಹಾಕಿಕೊಂಡು ಹೋಗಿ ಹಿಟ್ಟಿನ ಬಾನಿಯಲ್ಲಿ ಕೈ ಅದ್ದುತ್ತೀರಾ? ಅವನು ಬಿಡುತ್ತಾನಾ? ಅವನು ಹೇಳಿದರೆ ಶುಚಿ, ನಾನು ಹೇಳಿದರೆ ಹುಚ್ಚಾ?

ಅಪ್ಪಾ, ಈ ತೋಟ ನಿಮಗೆ ಹಳೆಯ ಸ್ನೇಹಿತರ ಜೊತೆ ಓಡಾಡುವ ಜಾಗ ಇರಬಹುದು. ನನಗೆ ಗೊತ್ತಿರುವ ಕೆಲಸ ಇದೊಂದೇ. ಇದು ಹೋದರೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ?

ತಗಡನ್ನು ಮತ್ತೆ ಹೊಡೆಸಿದೆ. ಈ ಸಲ ಎರಡು ಪದರ.

ನಿಮ್ಮ ಹುಚ್ಚು ಮಗಳು


ಮಾರ್ಚ್ ೨೪

ಮಗಳಿಗೆ,

ಬೇಕರಿಯ ಮಾತು ಎತ್ತಿದೆಯಲ್ಲ, ಪರೀಕ್ಷೆ ಮಾಡೋಣವೆಂದು ಹೋದೆ. ನಿನ್ನ ಅಣ್ಣ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ತಲೆಗೆ ಟೋಪಿ ಹಾಕಿದ. ಒಳಗಿನವರೆಲ್ಲ ನಕ್ಕರು. ಇದರಿಂದ ಏನೂ ಸಾಬೀತಾಗುವುದಿಲ್ಲ. ರೊಟ್ಟಿ ಬೇರೆ, ಬಾಳೆ ಬೇರೆ.

ಶಿಳ್ಳೆಗೆ ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ನೀನು ಅವನಿಗೆ ಏನಂದೆ?

ಅಪ್ಪ


ಜೂನ್ ೨

ಅಪ್ಪನಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇಲ್ಲದಿರಲಿ ಎಂದುಕೊಂಡೇ ದಿನ ದೂಡುತ್ತಿದ್ದೆ.

ಕಳೆದ ತಿಂಗಳು ಮೋಟರಿನ ಪೈಪು ಸರಿಮಾಡಲು ಏಣಿ ಹತ್ತಿದ್ದೆ. ಅಲ್ಲಿಂದ ಮಾಮನ ತೋಟ ಕಾಣಿಸುತ್ತದೆ. ಮಾಮ ಕತ್ತಿ ಹಿಡಿದು ಗಿಡದಿಂದ ಗಿಡಕ್ಕೆ ಹೋಗಿ ಹಳದಿ ಎಲೆಗಳನ್ನು ಕೊಯ್ದು ಕೊಯ್ದು ಗೋಣಿಚೀಲಕ್ಕೆ ತುಂಬುತ್ತಿದ್ದರು. ಮರುದಿನವೂ ಅದೇ. ಯಾರಿಗೂ ಕಾಣಬಾರದು ಅಂತ. ತುಂಬಿದ ಚೀಲ ಹೊತ್ತು ಸುತ್ತಮುತ್ತ ನೋಡಿಕೊಂಡು ಹೋಗುತ್ತಿದ್ದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಏಣಿಯ ಮೇಲೇ ಕಣ್ಣಲ್ಲಿ ನೀರು ಬಂತು.

ನಾನು ಅವರ ಗೇಟಿಗೆ ಹೋಗಿ ಕರೆದೆ. "ಮಾಮಾ, ನೀವೇ ಇಲಾಖೆಗೆ ಹೇಳಿ. ನಾನು ಜೊತೇಲಿ ಇರ್ತೀನಿ" ಎಂದೆ. "ಏನು ಹೇಳೋದು? ನೀರು ಜಾಸ್ತಿಯಾಗಿದೆ ಅಷ್ಟೆ" ಎಂದರು. ನಿಮ್ಮದೇ ಮಾತು. ಒಂದು ವಾರ ಕಾದೆ. ಎಲೆ ಕೊಯ್ಯುವುದು ನಿಲ್ಲಲಿಲ್ಲ, ಚೀಲ ಹೊತ್ತು ರಸ್ತೆಯಲ್ಲಿ ಓಡಾಡುವುದೂ ನಿಲ್ಲಲಿಲ್ಲ. ಕೊನೆಗೆ ನಾನೇ ಮೇಡಂಗೆ ಫೋನು ಮಾಡಿದೆ.

ಅವರು ಬಂದು ಒಂದು ಗಿಡ ಕಡಿದರು. ಒಳಗೆ ತುಕ್ಕಿನ ಬಣ್ಣ. ಇನ್ನೊಂದು ಕಡಿದರು. ಅದೂ ಹಾಗೇ. ಗಿಡಗಳನ್ನು ಹೊರಗೆ ಸಾಗಿಸುವ ಹಾಗಿಲ್ಲ. ಅಲ್ಲೇ ವಿಷ ಚುಚ್ಚಿ ಕೊಂದು, ತುಂಡು ಮಾಡಿ, ಕಪ್ಪು ಪ್ಲಾಸ್ಟಿಕ್ಕು ಹೊದಿಸಿ, ಸುತ್ತ ಬೇಲಿ ಹಾಕಬೇಕು. ಗೊನೆ ಬಿಟ್ಟಿದ್ದ ಗಿಡಗಳನ್ನೂ ಬಿಡಲಿಲ್ಲ.

ಮಾಮ ತಗಡಿನ ಆಚೆ ನಿಂತು ಕೂಗಿದರು: "ನಿನ್ನ ಹೆಗಲ ಮೇಲೆ ಹೊತ್ತು ಆಡಿಸಿದೀನಲ್ಲೇ! ನನ್ನ ಮನೆಗೇ ಪೊಲೀಸ್ ಕರೆಸಿದ ಹಾಗೆ ಕರೆಸಿದೆಯಲ್ಲೇ!" ನಾನು ಈಚೆ ನಿಂತಿದ್ದೆ.

ಕೆಂಪು ದಾರದ ಗಿಡಗಳು ಇನ್ನೂ ಹಸಿರಾಗಿವೆ.

ನಿಮ್ಮ ಮಗಳು


ಜೂನ್ ೯

ಮಗಳಿಗೆ,

ನೀನೇ ಫೋನು ಮಾಡಿದೆಯಾ? ಎರಡು ಸಲ ಓದಿದೆ, ಅಣ್ಣನ ಕೈಯಲ್ಲಿ ಇನ್ನೊಂದು ಸಲ ಓದಿಸಿದೆ.

ಶಿಳ್ಳೆಗೆ ಮಕ್ಕಳಿಲ್ಲ, ಮರಿಯಿಲ್ಲ. ಆ ಗಿಡಗಳನ್ನು ಹೆಸರಿಟ್ಟು ಕರೆಯುವುದೊಂದು ಬಾಕಿ. ಅವನು ಈಗ ಒಬ್ಬನೇ ಆ ಪ್ಲಾಸ್ಟಿಕ್ಕು ನೋಡಿಕೊಂಡು ಕೂತಿರುತ್ತಾನೆ. ಊಟ ಮಾಡುತ್ತಾನೋ ಇಲ್ಲವೋ ಕೇಳುವವರಿಲ್ಲ. ನೀನು ತಗಡಿಗೆ ಎರಡು ಪದರ ಹೊಡೆಸಿಕೊಂಡು ಈಚೆ ಕೂತಿದ್ದೀಯಾ.

ನಾನು ಬರುತ್ತೇನೆ. ಡಾಕ್ಟರು ಮುಂದಿನ ತಿಂಗಳು ಬಿಡುತ್ತೇನೆ ಎಂದಿದ್ದಾನೆ. ಬಂದವನೇ ಆ ತಗಡು ಕಿತ್ತು ಹಾಕುತ್ತೇನೆ. ಅದು ಇನ್ನೂ ನನ್ನ ತೋಟ.

ಅಪ್ಪ


ಜೂನ್ ೧೫

ಅಪ್ಪಾ,

ತೋಟ ನಿಮ್ಮದೇ. ಅದಕ್ಕೇ ಕಾಯುತ್ತಿದ್ದೇನೆ.

ಬನ್ನಿ, ಬೇಡ ಎನ್ನುವುದಿಲ್ಲ. ಆದರೆ ಸ್ಪಷ್ಟವಾಗಿ ಕೇಳಿಸಿಕೊಳ್ಳಿ, ಕಾಗದದಲ್ಲಿ ಕಿವಿಯ ನೆಪ ನಡೆಯುವುದಿಲ್ಲ. ಬಸ್ಸಿಳಿದವರು ನೆಟ್ಟಗೆ ಇಲ್ಲಿಗೆ ಬಂದರೆ ಗೇಟಿನಲ್ಲಿ ನಾನೇ ನಿಮ್ಮ ಕಾಲು ತೊಳೆಯುತ್ತೇನೆ. ಮೊದಲು ಮಾಮನ ತೋಟಕ್ಕೆ ಹೋಗಿ, ಅದೇ ಕಾಲಲ್ಲಿ ಇಲ್ಲಿಗೆ ಬಂದರೆ ಗೇಟು ತೆಗೆಯುವುದಿಲ್ಲ. ನೀವು ಕೂಗಿದರೂ ತೆಗೆಯುವುದಿಲ್ಲ, ಊರವರು ಸೇರಿದರೂ ತೆಗೆಯುವುದಿಲ್ಲ. ಹೆತ್ತ ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿದಳು ಎಂದು ಹೇಳಿಕೊಂಡು ತಿರುಗಿ.

ಮಾಮನ ಮನೆಯ ಬಾಗಿಲಿಗೆ ದಿನಾ ಊಟ ಇಟ್ಟು ಬರುತ್ತಿದ್ದೇನೆ, ರಸ್ತೆಯ ಕಡೆಯಿಂದ. ಡಬ್ಬಿ ಖಾಲಿಯಾಗಿರುತ್ತದೆ. ಬೆಕ್ಕು ತಿನ್ನುತ್ತದೋ ಮಾಮ ತಿನ್ನುತ್ತಾರೋ ಗೊತ್ತಿಲ್ಲ. ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ. ನೀವು ಆ ಮಾತು ಬರೆದದ್ದಕ್ಕೆ ಹೇಳಿದೆ.

ನಿಮ್ಮ ಮಗಳು


ಜುಲೈ ೨೮
(ತಗಡಿನ ಆಚೆಯಿಂದ)

ಮಗಳಿಗೆ,

ಅಂಚೆಯವನು ನಿನಗೆ ಈ ಕಾಗದ ಕೊಡುವಾಗ ನಗುತ್ತಾನೆ. ನಗಲಿ. ನೀನು ಈಗಾಗಲೇ ಯಾರ ಬಾಯಲ್ಲಾದರೂ ಕೇಳಿರುತ್ತೀಯಾ, ನಿನ್ನೆ ಬಂದೆ, ಶಿಳ್ಳೆಯ ಮನೆಯಲ್ಲಿದ್ದೇನೆ.

ಬಸ್ಸಿಳಿದು ಎರಡು ಗೇಟುಗಳ ಮಧ್ಯೆ ನಿಂತೆ. ನಿನ್ನ ಕಡೆ ತೊಟ್ಟಿ, ಬ್ರಷ್, ನನ್ನ ಅಳತೆಯ ಹೊಸ ಗಂಬೂಟು. ನೋಡಿದೆ. ಇವನ ಕಡೆ ಗೇಟೇ ತೆರೆದು ಬಿದ್ದಿತ್ತು. ಇವನನ್ನು ಬಿಟ್ಟು ನಿನ್ನ ಕಡೆ ಬರಲು ನನ್ನಿಂದ ಆಗಲಿಲ್ಲ.

ತೋಟ ನೋಡಿದೆ. ಏನು ಬರೆಯಲಿ? ಆ ಕಡೆಯಿಂದ ಈ ಕಡೆಗೆ ಕಪ್ಪು ಹಾಸು, ಮೇಲೆ ಕಲ್ಲು. ಶಿಳ್ಳೆ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ, "ನೀರು ಜಾಸ್ತಿ ಆಗಿದ್ದಲ್ಲ ಕಣೋ" ಎಂದ. ಅಷ್ಟೇ.

ಸಂಜೆ ತಗಡು ಕೀಳಲು ಹೋದೆ. ಹೇಳಿದ ಮೇಲೆ ಮಾಡಬೇಕಲ್ಲ. ಮೊಳೆಗೆ ಕೈ ಹಾಕಿದ್ದೆ. ಆಚೆ ನಿನ್ನ ಮೋಟರು ಶುರುವಾಯಿತು, ನೀನು ಯಾವುದೋ ಪೈಪಿಗೆ ಬೈಯುವುದು ಕೇಳಿಸಿತು. ಆಗ ನನ್ನ ಚಪ್ಪಲಿ ನೋಡಿಕೊಂಡೆ. ಈ ತೋಟದ ಮಣ್ಣು ಎರಡು ಬೆರಳು ದಪ್ಪ ಮೆತ್ತಿತ್ತು. ಈ ಮಣ್ಣನ್ನು ನಾನು ಎಷ್ಟು ಸಲ ತುಳಿದಿಲ್ಲ! ನಿನ್ನೆ ಮೊದಲ ಸಲ ಅದನ್ನು ನೋಡಿ ಹೆದರಿಕೆಯಾಯಿತು. ಮೊಳೆ ಬಿಟ್ಟು ಬಂದೆ.

ತೊಳೆದುಕೊಂಡು ಬರಬಹುದು, ಗೊತ್ತು. ಆದರೆ ಮಂಡಿ ಬಗ್ಗುವುದಿಲ್ಲ, ನನ್ನ ಅಂಗಾಲು ನನಗೇ ಕಾಣುವುದಿಲ್ಲ. ಸರಿಯಾಗಿ ಹೋಯಿತೋ ಇಲ್ಲವೋ ಹೇಗೆ ತಿಳಿಯಲಿ? ಇವನನ್ನು ನೋಡಲು ದಿನಾ ಬರಲೇಬೇಕು, ದಿನಾ ಆ ಅಪಾಯ ಬೇಡ. ನಿನ್ನ ಕೆಂಪು ದಾರದ ಗಿಡಗಳ ವಿಷಯ ಇತ್ಯರ್ಥವಾಗುವವರೆಗೆ ಇಲ್ಲೇ ಇರುತ್ತೇನೆ. ಇದನ್ನೇ ಚೀಟಿಯಲ್ಲಿ ಬರೆದು ತಗಡಿನ ಮೇಲಿಂದ ಎಸೆಯೋಣವೆಂದುಕೊಂಡೆ. ಎಸೆಯಲು ಕಲ್ಲು ಕಟ್ಟಬೇಕು, ಕಲ್ಲಿಗೂ ಮಣ್ಣು ಅಂಟಿರುತ್ತದೆ. ಆದ್ದರಿಂದ ಅಂಚೆ.

ಇಲ್ಲಿಂದ ಅಲ್ಲಿಗೆ ಏನೂ ಬರಬಾರದು, ಸರಿ. ಅಲ್ಲಿಂದ ಇಲ್ಲಿಗೆ ಏನು ಬೇಕಾದರೂ ಬರಬಹುದಲ್ಲ? ಹಾಗಾದರೆ ನನ್ನ ದಪ್ಪ ಹೊದಿಕೆ ಎಸೆ. ಇವನ ಮನೆಯ ಹೊದಿಕೆ ಮೊಣಕಾಲಿನವರೆಗೇ ಬರುತ್ತದೆ.

ಅಪ್ಪ

ಊಟ ತಿನ್ನುತ್ತಿದ್ದದ್ದು ಬೆಕ್ಕಲ್ಲ.


ಆಗಸ್ಟ್ ೪

ಅಪ್ಪಾ,

ಹೊದಿಕೆ, ಮಂಡಿಯ ಎಣ್ಣೆ, ನಿಮ್ಮ ಇನ್ನೊಂದು ಕನ್ನಡಕ ಎಸೆದಿದ್ದೆ, ಸಿಕ್ಕಿತೆಂದು ಅಂಚೆಯವನು ಹೇಳಿದ. ಅವನಿಗೆ ನಮ್ಮ ಮನೆಯ ಸಮಾಚಾರವೆಲ್ಲ ಬಾಯಿಪಾಠವಾಗಿದೆ.

ಆರು ತಿಂಗಳು ನನ್ನ ಜೀವ ತಿಂದಿರಿ. ಈಗ ನನ್ನ ಮಾತು ಕೇಳುತ್ತೇನೆಂದು ಹೊರಟಿರಿ, ಅದನ್ನೂ ಹೀಗೆ ಉಲ್ಟಾ ಕೇಳಬೇಕೇ? ನಾನು ಕಾಲು ತೊಳೆದು ಬನ್ನಿ ಎಂದೆ. ಬರಲೇಬೇಡಿ ಎಂದೆನಾ? ಒಂದೇ ಒಂದು ತಗಡು ನಡುವೆ, ಆಚೆ ನೀವು ಸೀನಿದರೆ ನನಗೆ ಕೇಳಿಸುತ್ತದೆ. ಊಟದ ಡಬ್ಬಿ ಎರಡಾಗಿದೆ. ಮಾಮನಿಗೆ ಉಪ್ಪು ಕಡಿಮೆ, ನಿಮಗೆ ಸಕ್ಕರೆ ಬೇಡ. ನನಗೆ ಇಬ್ಬರು ಅಪ್ಪಂದಿರು, ಇಬ್ಬರೂ ಆಚೆ.

ನಿನ್ನೆ ಸಂಜೆ ಇಬ್ಬರೂ ಜೋರಾಗಿ ಜಗಳ ಆಡುತ್ತಿದ್ದಿರಿ. ಯಾರು ಮೊದಲು ಕಿಂಡಿ ಮಾಡಿದ್ದು ಅಂತ. ನಾನು ಕೊಡ ಕೆಳಗಿಟ್ಟು ಕೇಳುತ್ತಾ ನಿಂತೆ. ಮನೆ ಖಾಲಿ ಅನ್ನಿಸಿತು, ಅಪ್ಪಾ.

ನಿಮ್ಮ ಮಗಳು


ಸೆಪ್ಟೆಂಬರ್ ೧೯

ಅಪ್ಪಾ,

ಕೆಂಪು ದಾರದ ಗಿಡಗಳಲ್ಲಿ ಒಂದರ ಕೆಳಗಿನ ಎಲೆ ಹಳದಿಯಾಗಿದೆ.

ಮೊನ್ನೆ ನೋಡಿದೆ. ನೀರು ಹೆಚ್ಚಾಗಿರಬೇಕು ಎಂದುಕೊಂಡೆ. ನಾನೇ, ಆ ಮಾತನ್ನು ನಾನೇ ಅಂದುಕೊಂಡೆ. ಕತ್ತಿ ಕೈಯಲ್ಲಿತ್ತು. ಒಂದೇ ಎಲೆ, ಕೊಯ್ದು ಮಡಿಚಿ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಮ ಯಾಕೆ ಹಾಗೆ ಮಾಡಿದರು ಎಂದು ನನಗೆ ಆಗ ಗೊತ್ತಾಯಿತು. ಅವರ ಮೇಲೆ ಅಷ್ಟು ಹಾರಾಡಿದ್ದಕ್ಕೆ ನಾಚಿಕೆಯಾಯಿತು.

ಎಲೆ ಮುಟ್ಟಲಿಲ್ಲ. ಮೇಡಂಗೆ ಫೋನು ಮಾಡಿದೆ. ಇವತ್ತು ಬಂದು ಕಡಿದರು. ತುಕ್ಕಿನ ಬಣ್ಣ. ಪಕ್ಕದ ಸಾಲಿನಲ್ಲೂ ಇದೆ. ನಾಳಿದ್ದಿನಿಂದ ಗಿಡ ಕೊಲ್ಲಲು ಶುರುಮಾಡುತ್ತಾರೆ. ಗೊನೆ ಹಾಕಿದ ಗಿಡಗಳೇ ಹೆಚ್ಚು.

ಹೊರಗೆ ರಸ್ತೆಯಲ್ಲಿ ನರ್ಸಮ್ಮ ನಿಂತಿದ್ದರು. ನಮ್ಮ ಇನ್ನೊಂದು ಪಕ್ಕದ ಜಾಗ ಕೊಂಡು ಈ ವರ್ಷವಷ್ಟೇ ಬಾಳೆ ಹಾಕಿದ್ದಾರಲ್ಲ, ಅವರು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಳಗೆ ಬಂದುಬಿಟ್ಟೆ.

ಏನು ಮಾಡಿಯೂ ಉಳಿಯಲಿಲ್ಲ ನೋಡಿ. ಇನ್ನು ನೀವು ಬರಬಹುದು. ಎರಡು ಕಡೆಯದೂ ಒಂದೇ ಮಣ್ಣು ಈಗ. ಕಾಲು ತೊಳೆಯಬೇಕಾಗಿಲ್ಲ. ತೊಟ್ಟಿಯ ನೀರು ಚೆಲ್ಲಿಬಿಡುತ್ತೇನೆ.

ಬೇಗ ಬನ್ನಿ.

ಮಗಳು


ಸೆಪ್ಟೆಂಬರ್ ೨೦

ಮಗಳೇ,

ಅಂಚೆಯವನು ಈ ಸಲ ನಗಲಿಲ್ಲ. ಉಳಿದ ಕಾಗದ ಹಂಚಿ ಮತ್ತೆ ಬಂದು ಉತ್ತರಕ್ಕಾಗಿ ಗೇಟಿನ ಹೊರಗೆ ಕಾಯುತ್ತಿದ್ದಾನೆ, ಹೋಗುವ ದಾರಿಯಲ್ಲಿ ನಿನಗೆ ಕೊಟ್ಟು ಹೋಗುತ್ತಾನೆ.

ಶಿಳ್ಳೆಗೆ ಓದಿ ಹೇಳಿದೆ. ಗೋಡೆಯ ಕಡೆ ತಿರುಗಿ ಕೂತ. ಹಾರೆ ಹಿಡಿದವನು ಅವನಾದರೂ, ತಗಡು ಕಿತ್ತು ಹಾಕು ಎಂದು ಬರೆದವನು ನಾನು. ನಿನ್ನ ಈ ಕಾಗದದಲ್ಲಿ ಅದರ ಬಗ್ಗೆ ಒಂದು ಅಕ್ಷರವಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆದುಕೊಳ್ಳುವುದು ಕಷ್ಟವಾಗಿದೆ.

ಆದರೆ ನಿನಗೂ ಬುದ್ಧಿ ಕೆಟ್ಟಿದೆ. ತೊಟ್ಟಿಯ ನೀರು ಯಾಕೆ ಚೆಲ್ಲುತ್ತೀಯಾ? ಮುಟ್ಟಬೇಡ. ಗೇಟಿನ ಹೊರಗಿರುವುದನ್ನು ಒಳಗಡೆಗೆ ಎಳೆದು ಇಡು. ಇಷ್ಟು ದಿನ ಒಳಗೆ ಬರುವವರು ತೊಳೆಯಬೇಕಿತ್ತು. ಇನ್ನು ಹೊರಗೆ ಹೋಗುವವರು ತೊಳೆಯಬೇಕು. ನೀನು, ನಾನು, ಶಿಳ್ಳೆ, ಗಿಡ ಕಡಿಯಲು ಬರುವ ಆಳುಗಳು, ಆ ಮೇಡಂ ಕೂಡ. ಯಾರಾದರೂ ಗೊಣಗಿದರೆ ನನ್ನ ಹತ್ತಿರ ಕಳಿಸು, ಗೊಣಗುವವರು ಏನೇನು ಹೇಳುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಶಿಳ್ಳೆ ಬರುವುದಿಲ್ಲ ಎನ್ನುತ್ತಾನೆ, ನಿನಗೆ ಮುಖ ತೋರಿಸಲಾರನಂತೆ. ಎಳೆದುಕೊಂಡು ಬರುತ್ತೇನೆ. ಅವನ ಅಂಗಾಲು ನಾನು ನೋಡುತ್ತೇನೆ, ನನ್ನದು ಅವನು ನೋಡುತ್ತಾನೆ. ಈ ಗೇಟಿನಿಂದ ನಿನ್ನ ಗೇಟಿಗೆ ರಸ್ತೆಯ ಮೇಲೆ ನಡೆಯಬೇಕಲ್ಲ.

ನಿನ್ನ ಕಾಗದ ಓದಿದ ಮೇಲೆ ಶಿಳ್ಳೆಯ ಕೈಯಲ್ಲಿ ಕಾಲು ಉಜ್ಜಿಸಿಕೊಂಡು ನರ್ಸಮ್ಮನ ಮನೆಯವರೆಗೆ ಹೋಗಿದ್ದೆ. ಅವರ ಗಿಡಗಳು ನನ್ನ ಸೊಂಟದೆತ್ತರ ಬಂದಿವೆ, ಎಲ್ಲವೂ ಹಸಿರು. "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದು ಕರೆದರು. ರಸ್ತೆಯಲ್ಲೇ ನಿಂತು ಮಾತಾಡಿ ಬಂದೆ.

ಅಪ್ಪ